ಹಲಸಿನ ತೊಟ್ಟಿಲು

ಸಂದಿಗೆ ಹಳೇ ಲುಂಗಿಯ ತುಂಡು ಸುತ್ತಿ ಕೊಡತಿಯಿಂದ ಎಷ್ಟು ಏಟು ಹಾಕಿದರೂ ತೊಟ್ಟಿಲು ಮಿಸುಕಲಿಲ್ಲ. ಲಿಂಗರಾಜುವಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ, ಬೇಡವೆಂದರೂ, ಒಂದು ಚೂರು ಹೆಮ್ಮೆ ಬಂತು. ಹೆಮ್ಮೆ ಬಂದದ್ದಕ್ಕೆ ಮತ್ತೆ ಸಿಟ್ಟು ಬಂತು. ಐವತ್ತು ದಾಟಿದ ಮೇಲೆ ಯೂಟ್ಯೂಬ್ ನೋಡಿ ಹಚ್ಚಿಕೊಂಡ ಮರಗೆಲಸದ ಹುಚ್ಚಿನಲ್ಲಿ ಅವನು ಮಾಡಿದ ಬೇರೆ ಯಾವ ಸಾಮಾನಿನ ಸಂದೂ ಹೀಗೆ ಕೂತಿರಲಿಲ್ಲ. ಹೆಂಡತಿ ಸುಧಾಳಿಗೆ ಮಾಡಿಕೊಟ್ಟ ಸ್ಟೂಲು ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದನ್ನು ಎತ್ತಿಕೊಂಡಿರುತ್ತಿತ್ತು. ದೇವರ ಕಪಾಟಿನ ಬಾಗಿಲು ಮಳೆಗಾಲದಲ್ಲಿ ಉಬ್ಬಿ ತೆಗೆಯಲು ಬಾರದೆ ಹೋದಾಗ ಅವಳು ಹೊರಗಿನಿಂದಲೇ ಊದುಬತ್ತಿ ಬೆಳಗಿ, "ಒಳಗವ್ನೆ ಬುಡಿ, ಎಲ್ಲೋಯ್ತಾನೆ" ಎಂದಿದ್ದಳು. ಊರವರು ಅವನನ್ನು "ಆಚಾರ್ರೇ" ಎಂದು ಕರೆಯುವಾಗ ತುಟಿಯ ಕೊನೆಯಲ್ಲಿ ನಗು ಇರುತ್ತಿತ್ತು. ಈ ತೊಟ್ಟಿಲು ಮಾತ್ರ ಯಾರೂ ನಗುವಂತೆ ಆಗಲಿಲ್ಲ. ಒಂದು ಮೊಳೆಯಿಲ್ಲ, ಒಂದು ಸ್ಕ್ರೂ ಇಲ್ಲ; ಕಂಬಕ್ಕೆ ಅಡ್ಡಪಟ್ಟಿ, ಅಡ್ಡಪಟ್ಟಿಗೆ ಕಡ್ಡಿ, ಎಲ್ಲ ಒಂದರ ಹೊಟ್ಟೆಯೊಳಗೊಂದು ಹೋಗಿ ಬಿಗಿಯಾಗಿ ಕೂತಿದ್ದವು. ಈಗ ಅದನ್ನೇ ಬಿಚ್ಚಬೇಕಾಗಿತ್ತು. ಬಿಚ್ಚಿ, ಬರೀ ಹಲಗೆ ಬರೀ ಕಡ್ಡಿ ಮಾಡಿ, ನಮ್ಮ ಮನೆಯಲ್ಲಿ ತೊಟ್ಟಿಲು ಅನ್ನುವುದೇ ಇಲ್ಲ ಎಂದು ಸಾಲಿಗ್ರಾಮದ ಬೀಗಿತ್ತಿಗೆ ಹೇಳಬೇಕಾಗಿತ್ತು.

ಅವನು ಕೂತಿದ್ದದ್ದು ಹಿತ್ತಿಲ ಬ್ಯಾರನ್ನಿನಲ್ಲಿ. ಹೊಗೆಸೊಪ್ಪು ಹದ ಮಾಡುವ ಕಾಲ ಬಿಟ್ಟರೆ ಉಳಿದ ತಿಂಗಳೆಲ್ಲ ಆ ಎತ್ತರದ, ಕಿಟಕಿಯಿಲ್ಲದ ಕಟ್ಟಡ ಅವನ ಕಾರ್ಖಾನೆ. ಎಷ್ಟು ಗುಡಿಸಿದರೂ ಗೋಡೆಯಿಂದ ಸೊಪ್ಪಿನ ಘಾಟು ಹೋಗದು. ಅವನು ಮಾಡಿದ ಸಾಮಾನೆಲ್ಲ ಮೊದಲ ಕೆಲವು ತಿಂಗಳು ಅದೇ ವಾಸನೆ ಹೊಡೆಯುತ್ತಿದ್ದವು. ಹಲಸಿನ ದಿಮ್ಮಿ ಸಿಕ್ಕಿದ್ದೂ ಬ್ಯಾರನ್ ಒಲೆಗೆಂದು ತರಿಸಿದ ಸೌದೆಯ ಲೋಡಿನಲ್ಲೇ. ನೀಲಗಿರಿ, ಸಿಲ್ವರ್ ಓಕ್ ಕೊಂಬೆಗಳ ನಡುವೆ ಅದರ ಕೊಯ್ದ ಮುಖ ಅರಿಸಿನದ ಹಾಗೆ ಹಳದಿಯಾಗಿ ಕಂಡಾಗ, ಒಲೆಯ ಬಾಯಿಗೆ ಹೋಗುವುದನ್ನು ತಾನು ಉಳಿಸಿದೆ ಎಂದು ಅವನಿಗೆ ಪುಣ್ಯ ಬಂದಷ್ಟು ಸಂತೋಷವಾಗಿತ್ತು. ಹುಣಸೂರಿನ ಸಾಮಿಲ್ಲಿನಲ್ಲಿ ಹಲಗೆ ಕೊಯ್ಯಿಸಿ ಬ್ಯಾರನ್ನಿನ ಮೇಲಿನ ತೀರುಮರಗಳ ಮೇಲೆ ಒಣಗಲು ಹಾಕಿದ್ದ. ಏನು ಮಾಡುವುದೆಂದು ಮಾತ್ರ ಗೊತ್ತಿರಲಿಲ್ಲ. ಮಗಳು ಕಾವ್ಯಶ್ರೀಗೆ ಮತ್ತೆ ತಿಂಗಳು ನಿಂತಿದೆ ಎಂದು ಸುಧಾ ಅಡುಗೆಮನೆಯಲ್ಲಿ ಪಿಸುಗುಟ್ಟಿದ ದಿನ ಗೊತ್ತಾಯಿತು. "ಯಾರ್ಗೂ ಹೇಳಕ್ಕೋಗ್ಬ್ಯಾಡಿ" ಎಂದಿದ್ದಳು ಸುಧಾ. "ಎರಡು ಸಲ ಬಸುರು ಹೋಗ್ಯದೆ. ಈ ಸಲ ಮಗ ಕೈಗೆ ಬರೋಗಂಟ ಬಾಯಿ ಬುಡ್ಬ್ಯಾಡಿ." ಅವನು ಬಾಯಿ ಬಿಡಲಿಲ್ಲ. ಕೈ ಮಾತ್ರ ಸುಮ್ಮನಿರಲಿಲ್ಲ.

ಮಗು ಹುಟ್ಟುವ ಮೊದಲು ಮನೆಗೆ ಒಂದು ಕುಲಾವಿಯನ್ನೂ ತರಬಾರದೆಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ತೊಟ್ಟಿಲು ಬರುವುದು ಹೆಸರಿಡುವ ದಿನ, ಅದೂ ಸಂಜೆ; ಅಲ್ಲಿಯವರೆಗೆ ಮಾತೂ ಇಲ್ಲ. ತರುವುದು ಬೇರೆ, ಮಾಡುವುದು ಬೇರೆ ಎಂದು ಅವನು ತನ್ನೊಳಗೇ ವಕೀಲಿ ಮಾಡಿಕೊಂಡ. ಬ್ಯಾರನ್ ಮನೆಯೊಳಗಲ್ಲ, ಹಿತ್ತಿಲಲ್ಲಿದೆ ಎಂದೂ ವಾದಿಸಿದ. ಆಮೇಲೆ ವಾದಕ್ಕೂ ಪುರಸೊತ್ತಿರಲಿಲ್ಲ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಂದವನೇ ತೋಪಡ ಹಿಡಿದರೆ ಸುಧಾ ಊಟಕ್ಕೆ ಕೂಗುವವರೆಗೂ ಹಲಗೆಯಿಂದ ಹಳದಿ ಸುರುಳಿಗಳು ಏಳುತ್ತಿದ್ದವು. ಕಡ್ಡಿಗಳ ನಡುವೆ ಮಗುವಿನ ತಲೆ ಸಿಕ್ಕಿಕೊಳ್ಳಬಾರದೆಂದು ತನ್ನ ಮುಷ್ಟಿಯಿಟ್ಟು ಅಳೆದ. ಉಪ್ಪುಕಾಗದದಲ್ಲಿ ಉಜ್ಜಿ, ಕಣ್ಣು ಮುಚ್ಚಿ ಕೆನ್ನೆಯಿಂದ ಸವರಿ ನೋಡಿದ. ಹಲಗೆಗೆ ಕೆನ್ನೆ ಒತ್ತಿಕೊಂಡು ನಿಂತ ಗಂಡನನ್ನು ಸುಧಾ ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಹೋದಳು. ಅವಳಿಗೆ ಅದು ಹೊಸ ಸ್ಟೂಲು ಎಂದೇ ಇತ್ತು, ಪಾಪ.

ಮುಗಿದ ದಿನ ಅವನಿಗೆ ತಡೆಯಲಾಗಲಿಲ್ಲ. ಮುಗಿಸಿದ ಕೆಲಸವನ್ನು ಇನ್ನೊಬ್ಬರು ನೋಡದಿದ್ದರೆ ಅದು ಮುಗಿದ ಹಾಗೇ ಅಲ್ಲ ಎನ್ನುವುದು ಅವನ ರೋಗ. ವಾಟ್ಸಾಪಿನಲ್ಲಿ 'ಮರಗೆಲಸ ಮಿತ್ರರು' ಎಂದೊಂದು ಗುಂಪಿತ್ತು; ಅದರಲ್ಲಿ ದಿನಾ ಮಾತಾಡುವವರು ಅವನೂ ಸೇರಿ ಮೂವರೇ. ಕಂಬದಿಂದ ಇಳಿಬಿದ್ದ ತೊಟ್ಟಿಲು ಎಷ್ಟು ನಯವಾಗಿ ಆಡುತ್ತದೆಂದು ತೋರಿಸಲು ಅದನ್ನು ಒಂದೇ ಒಂದು ಸಲ ತಳ್ಳಿ, ತಾನಾಗಿ ನಿಲ್ಲುವವರೆಗೆ ವಿಡಿಯೊ ಹಿಡಿದು ಗುಂಪಿಗೆ ಹಾಕಿದ. ಕೆ.ಆರ್. ನಗರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಕನಕರಾಜು ಅದನ್ನು ನೋಡಿ ಬಹಳ ಮೆಚ್ಚಿ, 'ನಮ್ಮ ಲಿಂಗರಾಜುವಿನ ಕೈಚಳಕ, ಮೊಮ್ಮಗುವಿಗಾಗಿ' ಎಂದು ಬರೆದು ತನ್ನ ಸ್ಟೇಟಸ್ಸಿಗೆ ಹಾಕಿಕೊಂಡ. ಮೊಮ್ಮಗುವಿಗೆಂದು ಅವನಿಗೆ ಯಾರೂ ಹೇಳಿರಲಿಲ್ಲ. ತೊಟ್ಟಿಲು ಕಂಡ ಮೇಲೆ ಹೇಳಬೇಕಾಗಿಯೂ ಇರಲಿಲ್ಲ. ಕೆ.ಆರ್. ನಗರದಿಂದ ಸಾಲಿಗ್ರಾಮ ಎಷ್ಟು ದೂರ? ಸಂಜೆಯ ಹೊತ್ತಿಗೆ ಅಲ್ಲಿ ಕಾವ್ಯಶ್ರೀಯ ಅತ್ತೆ ಮಲ್ಲಾಜಮ್ಮ ಯಾರದೋ ಫೋನಿನಲ್ಲಿ ಆ ಖಾಲಿ ತೊಟ್ಟಿಲು ತಾನಾಗಿ ತೂಗುವುದನ್ನು ನೋಡಿದರು.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. "ಬೀಗ್ರೇ, ನೀವು ತಿಳಿದವ್ರು" ಎಂದು ಶುರು ಮಾಡಿದರು. "ಖಾಲಿ ತೊಟ್ಲು ತೂಗಿದ್ದೀರಿ. ಮಾಡಿದ್ದು ಮಾಡಿದ್ರಿ, ತೂಗಿದ್ದೀರಿ. ಆ ವಸ್ತು ನಿಮ್ಮ ಜಾಗದಲ್ಲಿ ಇರೋಗಂಟ ಕಾವ್ಯ ಅಲ್ಲಿಗೆ ಬರಾದಿಲ್ಲ. ಬಾಣಂತನ ನಾವೇ ಮಾಡ್ಕೋತೀವಿ." ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಫೋನು ಕೈ ಬದಲಾಗಿ ಕಾವ್ಯಶ್ರೀಯ ಉಸಿರು ಕೇಳಿಸಿತು. ಅವಳು ಅತ್ತಿರಲಿಲ್ಲ. "ಅಪ್ಪ, ನನಗೆ ನಾನೇ ಇನ್ನೂ ಹೇಳ್ಕಂಡಿಲ್ಲ ಕಣಪ್ಪ. ನೀನು ಊರಿಗೆಲ್ಲಾ ಹೇಳ್ಬುಟ್ಟೆ" ಎಂದಳು. ಅಷ್ಟೇ. ಆಮೇಲೆ ಅವನು ಮಾಡಿದ ಫೋನನ್ನು ಅವಳು ಎತ್ತಲಿಲ್ಲ. ದಿನಾ ಮಾಡಿದ. ಸುಧಾಳ ಫೋನಿನಿಂದ ಮಾಡಿದಾಗ ಎತ್ತಿ, ಅವನ ದನಿ ಕೇಳಿ, "ಅವ್ವಂಗೆ ಕೊಡು" ಎಂದಳು.

ಮೈಸೂರಿನ ಆಸ್ಪತ್ರೆಯಲ್ಲೂ ಹೀಗೇ ಗೋಡೆಯ ಕಡೆ ತಿರುಗಿಕೊಂಡಿದ್ದಳು. ಎರಡನೆಯ ಸಲ ಬಸುರು ಹೋದಾಗ. ಸುಧಾ ಕಾಫಿ ತರಲು ಹೋಗಿದ್ದಳು, ಅಳಿಯ ವಸಂತ್ ಔಷಧಿ ತರಲು ಹೋಗಿದ್ದ, ಮಂಚದ ಪಕ್ಕ ಅವನೊಬ್ಬನೇ. ಏನು ಹೇಳಬೇಕು? ಇಂಥ ಹೊತ್ತಿನಲ್ಲಿ ಅಪ್ಪಂದಿರು ಏನು ಹೇಳುತ್ತಾರೆ? ಕಣ್ಣು ಕೋಣೆಯೆಲ್ಲ ಸುತ್ತಿ ಬಂದು, ನರ್ಸು ಓಡಾಡಿದಾಗಲೆಲ್ಲ ನೆಲ ಕೆರೆಯುತ್ತಿದ್ದ ಬಾಗಿಲಿನ ಮೇಲೆ ನಿಂತಿತು. "ನೋಡವ್ವ, ಬಾಗ್ಲಿನ ಕೀಲು ಸರಿಯಾಗಿ ಕೂರ್ಸಿಲ್ಲ, ಅದ್ಕೇ ಕೆರೀತದೆ" ಎಂದುಬಿಟ್ಟ. ಅವಳು ಅವನನ್ನು ಒಮ್ಮೆ ನೋಡಿ ಗೋಡೆಯ ಕಡೆ ತಿರುಗಿದಳು. ಅವನು ಹೇಳಬೇಕೆಂದಿದ್ದದ್ದು ಬಾಗಿಲಿನ ವಿಷಯವಾಗಿರಲಿಲ್ಲ. ಆದರೆ ಹೇಳಬೇಕೆಂದಿದ್ದದ್ದು ಏನೆಂದು ಇವತ್ತಿಗೂ ಅವನಿಗೆ ಗೊತ್ತಿಲ್ಲ. ಗೊತ್ತಿದ್ದರೆ ತೊಟ್ಟಿಲನ್ನೇಕೆ ಮಾಡುತ್ತಿದ್ದ?

"ಏನ್ಲಾ ಲಿಂಗ, ಇನ್ನೂ ಬಿಚ್ಚಲಿಲ್ವಾ?" ಬಾಗಿಲಲ್ಲಿ ಕಂಠಪ್ಪ, ವಾಟ್ಸಾಪ್ ಗುಂಪಿನ ಮೂರನೆಯವನು. ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತನಾಗಿ, ಹುಣಸೂರಿನ ಮನೆಯ ತಾರಸಿಯಲ್ಲಿ ಹಕ್ಕಿಗೂಡು ಮಾಡಿ ಮಾಡಿ, ಕೊಡಲು ಜನ ಸಾಲದೆ, ಹಕ್ಕಿಯಿಲ್ಲದ ಗೂಡುಗಳನ್ನೇ ಸಾಲಾಗಿ ನೇತುಹಾಕಿಕೊಂಡವನು. ಅವನ ಹಿಂದೆ ಕನಕರಾಜು, ತಪ್ಪು ಮಾಡಿದ ಮುಖ ಹೊತ್ತು, ಕೈಯಲ್ಲಿ ಹೊಸ ಡ್ರಿಲ್ಲಿನ ಡಬ್ಬ ಹಿಡಿದು. ಭಾನುವಾರ ಅವರು ಬರುವುದು ವಾಡಿಕೆ.

"ಸಂದಿಗೆ ಗೋಂದು ಬ್ಯಾರೆ ಆಕಿದ್ದೀಯಾ?" ಕಂಠಪ್ಪ ಬಗ್ಗಿ ನೋಡಿದ.

"ಆಕಿದ್ದೀನಿ."

"ಯಾವ್ದು?"

"ನೀನೇ ಹೇಳಿದ್ದಲ್ವಾ, ನೀರಿಗಾಕಿದ್ರೂ ಬುಡದೆ ಇರೋದು."

"ಅಂಗಾರೆ ಮುಗೀತು. ಅದು ಇನ್ನು ಬುಡಾಕಿಲ್ಲ" ಎಂದು ಕಂಠಪ್ಪ ತನ್ನ ಸಲಹೆಯನ್ನು ತಾನೇ ಮೆಚ್ಚಿಕೊಂಡು ತಲೆದೂಗಿದ. "ಎಂಥಾ ಕೆಲಸ ಕಣ್ಲಾ ಮಾಡಿದ್ದೀಯಾ."

ಕನಕರಾಜು ಹತ್ತಿರ ಬರದೆ ದೂರದಲ್ಲೇ ನಿಂತ. "ನಾನು ಒಳ್ಳೇದಕ್ಕೇ ಆಕ್ದೆ ಲಿಂಗಣ್ಣ. ಆ ಪಾಟಿ ಲೈಕು ಬಂತು" ಎಂದ. ಲಿಂಗರಾಜುವಿಗೆ ಅವನನ್ನು ಕೊಡತಿಯಿಂದಲೇ ಬಡಿಯಬೇಕೆನ್ನಿಸಿತು. ಬದಲಿಗೆ, "ಯಾವ ಕಂಪ್ನಿದು ಡ್ರಿಲ್ಲು?" ಎಂದು ಕೇಳಿದ. ಕೇಳಿದ್ದೇ ತಪ್ಪಾಯಿತು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಹೊನ್ನೆ ಮರಕ್ಕೆ ತೂತು ಹೊಡೆಯುತ್ತದೋ ಇಲ್ಲವೋ, ಹಳೇ ವೈರಿನ ಡ್ರಿಲ್ಲಿಗಿದ್ದ ತಾಕತ್ತು ಇದಕ್ಕುಂಟೋ ಎಂದು ಮಾತು ಹತ್ತಿತು. ಕಂಠಪ್ಪ ಹಿತ್ತಿಲ ಬೇಲಿ ಸವರುವ ಮಷೀನು ತರಿಸಿ, ಮೊದಲ ದಿನವೇ ಹೆಂಡತಿಯ ದಾಸವಾಳದ ಗಿಡವನ್ನೂ ಸೇರಿಸಿ ಸವರಿದ್ದನ್ನು ಹೇಳಿ ನಗಿಸಿದ. ಲಿಂಗರಾಜುವೂ ನಕ್ಕ. ನಗುತ್ತಿದ್ದವನಿಗೆ ನಡುವೆಯೇ ಮಗಳ ನೆನಪಾಗಿ, ತಾನೆಂಥ ಮನುಷ್ಯ ಎನ್ನಿಸಿತು. ಹೀಗೇ, ಪ್ರತಿ ಸಲವೂ. ಹೇಳಬೇಕಾದ ಮಾತಿನ ಅಂಚಿನವರೆಗೆ ಬಂದು ಮೂವರೂ ಡ್ರಿಲ್ಲು, ಬ್ಲೇಡು, ಪಾಲಿಶ್ ಎಂದು ಬೇರೆ ದಾರಿ ಹಿಡಿಯುತ್ತಿದ್ದರು. ಕಂಠಪ್ಪನ ಹೆಂಡತಿಗೆ ಕಾಯಿಲೆ ಜೋರಾಗಿದ್ದ ತಿಂಗಳೆಲ್ಲ ಅವರು ಬೀಟೆ ಮರಕ್ಕೆ ಯಾವ ಎಣ್ಣೆ ಒಳ್ಳೆಯದೆಂದು ಚರ್ಚೆ ಮಾಡಿದ್ದರು.

"ಸಂದಿಗೆ ಗರಗಸ ಹಾಕು. ಸೈಡೆಲ್ಲಾ ತೆಗುದ್ರೆ ಹೂವಿನ ಕುಂಡ ಇಡೋ ಸ್ಟ್ಯಾಂಡಾಯ್ತದೆ" ಎಂದ ಕನಕರಾಜು, ಕೊನೆಗೆ ವಿಷಯಕ್ಕೆ ಬಂದು. ಲಿಂಗರಾಜು ಗರಗಸ ತೆಗೆದುಕೊಂಡ. ಅಡ್ಡಪಟ್ಟಿಯ ಮೇಲೆ ಇಟ್ಟ. ಅದೇ ಹೊತ್ತಿಗೆ ಟೀ ಲೋಟಗಳನ್ನು ಹಿಡಿದು ಸುಧಾ ಒಳಗೆ ಬಂದಳು.

"ರೀ! ತೆಗೀರಿ ಕೈನ!" ತಟ್ಟೆಯನ್ನು ನೆಲಕ್ಕೆ ಕುಕ್ಕಿದ ರಭಸಕ್ಕೆ ಟೀ ಚೆಲ್ಲಿತು. "ಬಸುರಿ ಮಗಳನ್ನ ಇಟ್ಕಂಡು ತೊಟ್ಲು ಕೂಯ್ತೀರಾ? ಮಾಡಿದ್ದು ಸಾಲ್ದಾ?"

"ಮತ್ತೆ ಏನ್ ಮಾಡ್ಲೇ? ಸುಡ್ಲಾ?"

"ಸುಡೂಬಾರ್ದು. ಕೂಯ್ಯೂಬಾರ್ದು. ಖಾಲಿ ಮಡೀಕಳೂಬಾರ್ದು. ಮಗ ಇರೋ ಮನೆಗೋಗ್ಬೇಕು ಅದು. ಮಗ ಮಲಗಿದ್ರೆ ಮುಗೀತು, ಅವರದಾಯ್ತದೆ."

ಅವನು ಗರಗಸ ಕೆಳಗಿಟ್ಟ. ಇಂಥದರಲ್ಲೆಲ್ಲ ನಂಬಿಕೆಯಿಲ್ಲದವನು ಎಂದೇ ಊರಲ್ಲಿ ಅವನಿಗೆ ಹೆಸರು. ಬೆಕ್ಕು ಅಡ್ಡ ಬಂದರೆ ಬೇಕೆಂದೇ ಅದೇ ದಾರಿಯಲ್ಲಿ ಬೈಕು ಓಡಿಸುವವನು. ಈಗಲೂ ನಂಬಿಕೆಯಿಲ್ಲ. ಆದರೆ ಕೊಟ್ಟುಬಿಡಬೇಕು ಎಂದಾಗ ಅವನಿಗೆ ಆದ ಸಂಕಟಕ್ಕೂ ನಂಬಿಕೆಗೂ ಸಂಬಂಧವಿರಲಿಲ್ಲ. ಮಗಳಿಗಾಗಿ ಮಾಡಿದ್ದೆಂದು ಎಲ್ಲರಿಗೂ ಹೇಳುತ್ತಿದ್ದನಲ್ಲ, ಮಗಳಿಗಿಂತ ತೊಟ್ಟಿಲೇ ಹೆಚ್ಚಾಗಿಬಿಟ್ಟಿತೇ ತನಗೆ? ಆ ಪ್ರಶ್ನೆ ಬಂದದ್ದೇ ಅವನು ಹೆದರಿ, "ಯಾರ ಮನೆಗೆ ಕೊಡಾದು?" ಎಂದು ಕಂಠಪ್ಪನನ್ನು ಕೇಳಿದ.

ಊರಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ, ಎಲ್ಲರಿಗೂ ವಿಡಿಯೊದ ವಿಷಯ ಗೊತ್ತು. ಹಂಪಾಪುರದಲ್ಲಿ ಕಂಠಪ್ಪನಿಗೆ ದೂರದ ನೆಂಟರ ಮನೆಯೊಂದಿತ್ತು. ಅಜ್ಜಿ ದೊಡ್ಡತಾಯಮ್ಮ, ಸೊಸೆ ರೂಪಶ್ರೀ, ಎಳೇ ಕೂಸು. ಕೂಸನ್ನು ಇನ್ನೂ ಸೀರೆಯ ಜೋಲಿಯಲ್ಲೇ ಹಾಕುತ್ತಾರೆ. "ಫೋನ್ ಮಾಡಿ ಹರಕೆ ಅಂದ್ಬುಡ್ತೀನಿ" ಎಂದ ಕಂಠಪ್ಪ. "ಮಗ ಇರೋ ಮನೆಗೆ ತೊಟ್ಲು ಕೊಡ್ತೀನಿ ಅಂತ ಹರಕೆ ಹೊತ್ತವ್ನೆ ಅಂದ್ರೆ ಕೈ ಮುಗುದು ಈಸ್ಕೋತಾರೆ. ನೀನು ಬಾಯಿ ಬುಡ್ಬ್ಯಾಡ, ಅಷ್ಟೇಯ." ಆ ಸುಳ್ಳು ಎಷ್ಟು ಸಲೀಸಾಗಿ ಕೂತಿತೆಂದರೆ ಮೂವರಿಗೂ ಸಮಾಧಾನವಾಗಿ ಮತ್ತೆ ಡ್ರಿಲ್ಲಿನ ಮಾತಿಗೆ ಹೋದರು.

ಮಾರನೆಯ ಬೆಳಿಗ್ಗೆ ಸೊಪ್ಪಿನ ಬೇಲು ಸಾಗಿಸುವ ತನ್ನ ಗೂಡ್ಸ್ ಗಾಡಿಗೆ ಅವನೊಬ್ಬನೇ ತೊಟ್ಟಿಲು ಏರಿಸಿದ. ಹಗ್ಗ ಕಟ್ಟಿದ ಮೇಲೆ ಸುಧಾ ರುಬ್ಬುವ ಗುಂಡನ್ನು ತನ್ನ ಹಳೇ ಸೀರೆಯಲ್ಲಿ ಸುತ್ತಿ ತಂದು ತೊಟ್ಟಿಲೊಳಗೆ ಮಲಗಿಸಿದಳು. ದಾರಿಯಲ್ಲೂ ಖಾಲಿ ತೂಗಬಾರದಂತೆ. ಹೆಸರಿಡುವ ದಿನ ಕೂಸಿಗಿಂತ ಮೊದಲು ಗುಂಡನ್ನೇ ತಾನೆ ಮಲಗಿಸುವುದು, ಅದು ಮಲಗಿದರೆ ದೋಷವಿಲ್ಲ ಎಂದಳು. ಹುಣಸೂರು ದಾಟಿ ಕೋಟೆ ರಸ್ತೆ ಹಿಡಿಯುವವರೆಗೂ ಹಂಪು ಬಂದಲ್ಲೆಲ್ಲ ಗುಂಡು ಕಡ್ಡಿಗೆ ಬಡಿಯುವುದು ಕೇಳುತ್ತಿತ್ತು, ಪ್ರತಿ ಬಡಿತಕ್ಕೂ ಅವನು ಹಲ್ಲು ಕಚ್ಚುತ್ತಿದ್ದ. ಪಾಲಿಶ್ ಹೋಯಿತು. ಎಲ್ಲೋ ಗೀರು ಬಿತ್ತು. ಇಳಿದು ಗುಂಡಿನ ಕೆಳಗೆ ತನ್ನ ಟವೆಲ್ಲನ್ನು ಮಡಚಿ ಇಟ್ಟ. ಇಟ್ಟು ನೋಡಿದರೆ ಸೀರೆಯಲ್ಲಿ ಸುತ್ತಿದ ಕಲ್ಲು ಮುಖ ಮುಚ್ಚಿಕೊಂಡು ಮಲಗಿದ ಹಾಗಿತ್ತು. ಅಲ್ಲೇ ಹೊಲದ ಬದುವಿನಲ್ಲಿ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಿಂತು, "ಯಾರ ಮಗೀಗಪ್ಪಾ?" ಎಂದು ಕೇಳಿದಳು. ಅವನು ಗಾಡಿ ಹತ್ತಿದ. ಬೇರೆಯವರ ಮಗುವಿಗೆ ಎನ್ನುವುದು ಎಷ್ಟು ಸುಲಭದ ಮಾತು, ಅದೂ ಬಾಯಿಗೆ ಬರಲಿಲ್ಲ.

ಹಂಪಾಪುರದ ಆ ಮನೆಯವರು ತೋರಿಸಿದ ಮರ್ಯಾದೆಯನ್ನು ಅವನು ಜೀವಮಾನದಲ್ಲಿ ಮರೆಯಲಾರ. ಯಾರಾದರೂ ಹೊಡೆದು ಕಳಿಸಿದ್ದರೆ ಮರೆಯಬಹುದಿತ್ತು. ದೊಡ್ಡತಾಯಮ್ಮ ತುಂಬಿದ ಚೊಂಬಿನಲ್ಲಿ ನೀರು ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಬನ್ನಿ ಸ್ವಾಮಿ, ಕಾಲು ತೊಳ್ಕಳಿ. ಹರಕೆ ಹೊತ್ತವ್ರು ಬಾಗ್ಲಿಗೆ ಬಂದಿದ್ದೀರಿ" ಎಂದಳು. ತೊಟ್ಟಿಲನ್ನು ಹೊಸಿಲು ದಾಟಿಸುವ ಮೊದಲು ಅರಿಸಿನ ಕುಂಕುಮ ಹಚ್ಚಿ ಹೂವು ಮುಡಿಸಿದಳು. ತಿಂಗಳುಗಟ್ಟಲೆ ಅವನು ಕೆನ್ನೆಯಿಂದ ಸವರಿ ನೋಡಿದ ಹಲಗೆಯ ಮೇಲೆ ಒದ್ದೆ ಕುಂಕುಮ ಇಳಿಯಿತು, ಅವನು ತಡೆದುಕೊಂಡ. ಒಳಗಿದ್ದ ಗುಂಡನ್ನು ಕಂಡು ಮುದುಕಿ ಬಾಯ್ತುಂಬ ನಕ್ಕಳು. "ಅಯ್ಯೋ, ಗುಂಡಪ್ಪನ್ನೂ ಮಲಗಿಸ್ಕಂಡೇ ಬಂದವ್ರಲ್ಲಾ! ಶಾಸ್ತ್ರ ಗೊತ್ತಿರೋ ಜನ ಕಣೇ ರೂಪಾ." ಸೊಸೆ ರೂಪಶ್ರೀ ಗೋಡೆಗೊರಗಿ ನಿಂತಿದ್ದಳು, ನಿದ್ದೆಗೆಟ್ಟು ಕಣ್ಣ ಕೆಳಗೆ ಕಪ್ಪಾಗಿತ್ತು, ಹೆಗಲ ಮೇಲೆ ಕೂಸು ಒಂದೇ ಸಮನೆ ಅಳುತ್ತಿತ್ತು. ಕಾವ್ಯಶ್ರೀಗಿಂತ ಚಿಕ್ಕವಳು. ಗುಂಡನ್ನು ತೆಗೆದು ಕೂಸನ್ನು ಮಲಗಿಸಿದರು. ಎರಡು ಸಲ ತೂಗಿದ್ದೇ ತಡ ಅಳು ಸಣ್ಣಗಾಯಿತು, ಮುಷ್ಟಿ ಸಡಿಲಿತು, ನಿದ್ದೆ ಬಂತು. ರೂಪಶ್ರೀ ನಂಬಲಾರದೆ ಬಗ್ಗಿ ನೋಡಿದಳು. ಆಮೇಲೆ ಅವನ ಕಡೆ ನೋಡಿ ಕೈ ಮುಗಿದಳು.

ಅವನು ಆ ಕೈಗಳಿಂದ ಕಣ್ಣು ತಪ್ಪಿಸಿ ತೊಟ್ಟಿಲಿನ ಸಂದು ನೋಡಿದ. ತಾಂಬೂಲ ಕೊಟ್ಟರು, ತೆಗೆದುಕೊಂಡ. ಮಜ್ಜಿಗೆ ಕೊಟ್ಟರು, ಕುಡಿದ. ಹೊರಗೆ ಬಂದು ಗಾಡಿ ಹತ್ತಿ ಕೀಲಿ ತಿರುಗಿಸಿದ. ಕೆಲಸ ಮುಗಿಯಿತು, ಸುಧಾಳಿಗೆ ಹೇಳಬಹುದು, ಮಗಳು ಮನೆಗೆ ಬರುತ್ತಾಳೆ. ಗಾಡಿ ಊರ ಬಾಗಿಲು ದಾಟಿತು. ಮಲ್ಲಾಜಮ್ಮ ಹೆದರಿದ್ದು ಯಾತಕ್ಕೆ? ಅವನು ಖಾಲಿ ತೂಗಿದ್ದಕ್ಕೆ. ಆ ತೂಗಿದ ದೋಷ ಈಗ ಎಲ್ಲಿದೆ? ಆ ಹಲಗೆಯೊಳಗೇ ಇದೆ, ಆ ಕೂಸಿನ ಬೆನ್ನ ಕೆಳಗೆ. ಥೂ, ಹಾಗೆಲ್ಲ ಏನೂ ಇಲ್ಲ, ಮರ ಮರವೇ ಎಂದು ಅವನು ಜೋರಾಗಿ ತನಗೇ ಹೇಳಿಕೊಂಡ. ಮರ ಮರವೇ ಆದರೆ ನಿನ್ನ ಮಗಳಿಂದ ಯಾಕೆ ಅದನ್ನು ದೂರ ತಂದೆ? ಅವರ ಸಮಾಧಾನಕ್ಕೆ. ಅವರ ಸಮಾಧಾನಕ್ಕಾಗಿ ತಂದದ್ದಾದರೆ ಇವರಿಗೆ ಯಾಕೆ ಸುಳ್ಳು ಹೇಳಿದೆ? ತನ್ನ ಮಗಳ ಕೂಸಿಗೆ ಬೇಡವಾದದ್ದನ್ನು, ಕಾಲು ತೊಳೆಸಿಕೊಂಡು, ಕೈ ಮುಗಿಸಿಕೊಂಡು, ಇನ್ನೊಬ್ಬಳ ಕೂಸಿನ ಕೆಳಗೆ ಇಟ್ಟು ಬಂದಿದ್ದ. ನಂಬಿಕೆಯಿಲ್ಲವೆಂದು ಎದೆ ತಟ್ಟುತ್ತಿದ್ದ ಲಿಂಗರಾಜುವಿಗೆ, ಎಲ್ಲರಿಗಿಂತ ಹೆಚ್ಚು ಹೆದರಿಕೆ ತನಗೇ ಇದೆಯೆಂದು ಆ ಖಾಲಿ ರಸ್ತೆಯಲ್ಲಿ ಗೊತ್ತಾಯಿತು. ಗಾಡಿ ತಿರುಗಿಸಿದ.

"ತಪ್ಪಾಯ್ತು ತಾಯಿ. ತೊಟ್ಲು ವಾಪಸ್ ಬೇಕಾಗಿತ್ತು" ಎಂದ, ಹೊಸಿಲ ಹೊರಗೇ ನಿಂತು.

ದೊಡ್ಡತಾಯಮ್ಮನಿಗೆ ಅರ್ಥವಾಗಲಿಲ್ಲ. "ಹರಕೆ ತೊಟ್ಲು ವಾಪಸ್ ಕೇಳ್ತಾರಾ ಸ್ವಾಮಿ?"

"ಹರಕೆ ಅಲ್ಲ" ಎಂದ. ಆಮೇಲೆ ಎಲ್ಲವನ್ನೂ ಹೇಳಿದ. ಕ್ರಮವಾಗಿ ಹೇಳಲೂ ಬರಲಿಲ್ಲ. ಹಲಸಿನ ದಿಮ್ಮಿಯಿಂದ ಶುರು ಮಾಡಿ, ವಿಡಿಯೊಗೆ ಹೋಗಿ, ಮಗಳಿಗೆ ಎರಡು ಸಲ ಹೋದದ್ದಕ್ಕೆ ಬಂದು, ಗೋಂದಿನ ವಿಷಯ ಯಾಕೋ ನಡುವೆ ಬಂತು. ಮುದುಕಿಯ ಮುಖ ಗಟ್ಟಿಯಾಗುತ್ತಾ ಹೋಯಿತು. 'ಸ್ವಾಮಿ' ಹೋಯಿತು, 'ನೀವು' ಹೋಯಿತು.

"ಅಂದ್ರೆ ನಿನ್ನ ಮಗಳ ಮಗೀಗೆ ಆಗ್ಬಾರ್ದು, ನಮ್ಮ ಮಗೀಗೆ ಆಗ್ಬೋದು. ಏನಯ್ಯ, ನಮ್ಮ ಮನೆ ಏನು ನಿಮ್ಮೂರ ತಿಪ್ಪೆಯಾ, ಬ್ಯಾಡಾದ್ದನ್ನ ತಂದು ಸುರಿಯಾಕೆ? ಆ ಕಂಠಪ್ಪ ಬರ್ಲಿ ಈ ಕಡೀಕೆ, ಮಾಡ್ತೀನಿ. ನನ್ನ ಕೈಲಿ ಕಾಲ್ಗೆ ನೀರ್ ಕೊಡಿಸ್ಕಂಡ್ಯಲ್ಲೋ!"

ಅವನು ತಲೆ ತಗ್ಗಿಸಿ ನಿಂತ. ಅವಳು ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದು ಒಂದು ಮಾತೂ ಇರಲಿಲ್ಲ. "ತಗೊಂಡೋಯ್ತೀನಿ ತಾಯಿ, ಈಗ್ಲೇ ತಗೊಂಡೋಯ್ತೀನಿ" ಎಂದು ಒಳಗೆ ಕಾಲಿಡುವಷ್ಟರಲ್ಲಿ ಚಾಪೆಯ ಮೇಲಿಂದ ರೂಪಶ್ರೀ ಎದ್ದು ಕೂತಳು. ಅಷ್ಟರಲ್ಲೇ ಅವಳಿಗೂ ನಿದ್ದೆ ಹತ್ತಿತ್ತು.

"ಅತ್ತೆ, ಎಬ್ಬಿಸಬ್ಯಾಡಿ" ಎಂದಳು. ಜಗಳದ ದನಿಯಲ್ಲ, ಬೇಡಿಕೊಳ್ಳುವ ದನಿ. "ಏನಾರ ಮಾಡ್ಕಳಿ, ಈಗ ಎಬ್ಬಿಸಬ್ಯಾಡಿ. ಮಗ ಕಣ್ಣು ಮುಚ್ಚಿ ಎಷ್ಟು ದಿನ ಆಗಿತ್ತು. ತಾನೇ ಎದ್ದ ಮ್ಯಾಲೆ ತಗೊಂಡೋಗ್ಲಿ." ಹೇಳಿ ಮುಗಿಸುವಷ್ಟರಲ್ಲಿ ಮತ್ತೆ ಮಲಗಿಬಿಟ್ಟಳು.

ದೊಡ್ಡತಾಯಮ್ಮ ಸೊಸೆಯನ್ನು ನೋಡಿದಳು, ಕೂಸನ್ನು ನೋಡಿದಳು. ತೊಟ್ಟಿಲು ನಿಂತಿತ್ತು, ಕೂಸು ಮುಖ ಕಿವುಚಿತು. "ನಿಂತ್ಕಂಡು ಏನ್ ನೋಡ್ತೀಯ? ಕುಂತ್ಕ. ಅದು ಏಳೋಗಂಟ ನೀನೇ ತೂಗು. ಎದ್ ತಕ್ಷಣ ಎತ್ಕಂಡು ನಡಿ" ಎಂದು ಹೇಳಿ, ಸೆರಗು ಬಿಗಿದುಕೊಂಡು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸತೊಡಗಿದಳು.

ಅವನು ನೆಲದ ಮೇಲೆ ಕೂತು ತೂಗಿದ. ತೊಟ್ಟಿಲು ಅವನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ತೂಗುತ್ತಿತ್ತು. ಖಾಲಿಯಿದ್ದಾಗ ಅದು ಹಗುರವಾಗಿ ಓಡಾಡುತ್ತಿತ್ತು. ಕೂಸಿನ ಭಾರಕ್ಕೆ ಈಗ ಅದರ ನಡೆಯೇ ಬೇರೆ, ಹೋದದ್ದು ತುಸು ತಡೆದು ಹಿಂದಕ್ಕೆ ಬರುತ್ತಿತ್ತು. ಯಾವ ಅಳತೆಯಲ್ಲೂ ಅವನು ಇದನ್ನು ಲೆಕ್ಕ ಹಾಕಿರಲಿಲ್ಲ. ಕಡ್ಡಿಗಳ ಸಂದಿನಲ್ಲಿ ಕಾಣುತ್ತಿದ್ದ ಪುಟ್ಟ ಪಾದ ಅವನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಇಷ್ಟು ಸಣ್ಣದೆಂದು ಅವನಿಗೆ ಮರೆತೇ ಹೋಗಿತ್ತು. ತಾನು ಕೊಟ್ಟದ್ದರಲ್ಲಿ ಕೆಟ್ಟದ್ದೇನಾದರೂ ಇದ್ದರೆ ಅದು ತನ್ನ ಕೈಗೇ ಬರಲಿ ಎಂದು, ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆಯೇ, ಹೇಳಿಕೊಂಡ. ಆಮೇಲೆ ಈ ತೊಟ್ಟಿಲನ್ನು ಹೊತ್ತುಕೊಂಡು ಎಲ್ಲಿಗೆ ಹೋಗುವುದು? ಮನೆಗೆ ಕೊಂಡೊಯ್ಯುವಂತಿಲ್ಲ. ಇಲ್ಲಿ ಬಿಡುವಂತಿಲ್ಲ. ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು.

ಜೇಬಿನಲ್ಲಿ ಫೋನು ನಡುಗಿತು. ಗಾಬರಿಯಿಂದ ತೆಗೆದು ನೋಡಿದರೆ ಕಾವ್ಯಶ್ರೀ. ತೊಟ್ಟಿಲು ಮನೆ ಬಿಟ್ಟು ಹೋಯಿತೆಂದು ಸುಧಾ ಆಗಲೇ ಹೇಳಿರಬೇಕು. ಇಷ್ಟು ದಿನ ಕಾದ ಫೋನು ಈಗ ಬರಬೇಕೇ? ಒಂದು ಕೈಯಲ್ಲಿ ತೂಗುತ್ತಾ ಇನ್ನೊಂದರಲ್ಲಿ ಕಿವಿಗೆ ಹಿಡಿದ.

"ಅಪ್ಪಾ, ಎಲ್ಲಿದ್ದೀಯಾ? ಅವ್ವ ಹೇಳಿದ್ಲು..." ದನಿ ಜೋರಾಗಿತ್ತು. ತೊಟ್ಟಿಲಲ್ಲಿ ಕೂಸು ಮಿಸುಕಿತು.

"ಮೆತ್ತಗೆ ಮಾತಾಡವ್ವ" ಎಂದ ಅವನು ಪಿಸುದನಿಯಲ್ಲಿ. "ಮಗ ಮಲಗ್ಯದೆ."

ಆ ಕಡೆ ಮಾತೇ ನಿಂತಿತು. ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವನಿಗೆ ಹೊಳೆಯಿತು. ಎರಡು ಸಲ ಬರಿಗೈಯಲ್ಲಿ ಆಸ್ಪತ್ರೆಯಿಂದ ಬಂದವಳಿಗೆ, ಎಲ್ಲ ಬಿಟ್ಟು, ಇದೇ ಮಾತು ಹೇಳಬೇಕಾಗಿತ್ತೇ? ಹಾಳು ಬಾಯಿ. "ಅಂಗಲ್ಲ ಕಣವ್ವ" ಎಂದು ತೊದಲಿದ. "ಇದು ಬ್ಯಾರೆಯವರ ಮಗ. ಹಂಪಾಪುರದಲ್ಲಿ... ತೊಟ್ಲು ಕೊಡಾಕ್ ಬಂದೆ. ಕೊಡಾಕಾಗ್ಲಿಲ್ಲ. ನಾನು... ಅದು ನಿದ್ದೆ ಮಾಡ್ತಾ ಅದೆ, ಎದ್ದ ಮ್ಯಾಲೆ..." ಮುಂದೆ ಬರಲಿಲ್ಲ. ಫೋನು ಇಟ್ಟುಬಿಡುತ್ತಾಳೆ ಎಂದುಕೊಂಡ.

ಅವಳು ಇಡಲಿಲ್ಲ. ಉಸಿರಾಟ ಕೇಳಿಸುತ್ತಿತ್ತು.

"ಉಸಿರಾಡೋದು ಕೇಳಿಸ್ತದಾ ಅಪ್ಪ, ಅದ್ರದ್ದು?" ಎಂದಳು ಕೊನೆಗೆ. ಅವಳೂ ಪಿಸುದನಿಯಲ್ಲೇ ಕೇಳಿದಳು.

ಅವನು ಬಗ್ಗಿ ಕಿವಿಗೊಟ್ಟ. "ಕೇಳಿಸ್ತದೆ."

"ಫೋನು ಅತ್ರ ಇಡು. ಕಟ್ ಮಾಡ್ಬ್ಯಾಡ. ನೀನೇನೂ ಮಾತಾಡ್ಬ್ಯಾಡ."

ಅವನು ಫೋನನ್ನು ತೊಟ್ಟಿಲೊಳಗೆ ಕೂಸಿನ ತಲೆಯ ಪಕ್ಕದಲ್ಲಿಟ್ಟ. ಅಡುಗೆಮನೆಯಿಂದ ದೊಡ್ಡತಾಯಮ್ಮ ಬಾಗಿಲಿಗೆ ಬಂದು, ಏನೋ ಗದರಲು ಬಾಯಿ ತೆರೆದವಳು, ಅವನ ಮುಖ ನೋಡಿ ಹಾಗೇ ನಿಂತಳು. ಅವನು ಮಾತಾಡದೆ ತೂಗಿದ.